ಗಾಡಿಯ ಮೇಲೆ ಮನೆ ಕಟ್ಟಿಸುವ ಮುಂಚೆ

ತಮ್ಮಾ, ನೀನು ಕಳಿಸಿದ ನಕಾಶೆಗಳನ್ನೆಲ್ಲ ನೋಡಿದೆ. ಅಮೆರಿಕದ ಕ್ಯಾಂಪರ್‌ಗಳ ವಿಡಿಯೊಗಳನ್ನೂ ಬಿಡದೆ ನೋಡಿದೆ. ಪಿಕಪ್ಪಿನ ಹೌದಾದೊಳಗೆ, ಅಂದರೆ ಹಿಂದಿನ ತೊಟ್ಟಿಯೊಳಗೆ, ಕೂತ ಮನೆ, ಅದರಲ್ಲಿ ಹಾಸಿಗೆ, ಒಲೆ, ಸಿಂಕು, ಕಕ್ಕಸು. ಚೆಂದ ಇಲ್ಲ ಅಂತ ಯಾರೂ ಅನ್ನಲಾರರು. ನೀನು ಕೇಳಿದ್ದು ಅದನ್ನಲ್ಲ, ಯಾವುದು ತಗೊಳ್ಳಲಿ ಕಾಕಾ ಅಂತ. ನಾನು ಹೇಳುವುದು ಇಷ್ಟೇ: ಗಾಡಿಯಲ್ಲಿ ಮಲಗಲು ಜಾಗ ಹುಡುಕುವುದನ್ನು ಬಿಡು, ಅಡಿಗೆಗೆ ಜಾಗ ಹುಡುಕು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ನೀವು ಹೋಗುವುದು ಎಲ್ಲಿಗೆ, ಅದನ್ನು ಮೊದಲು ನೋಡು. ಅಕ್ಕಲಕೋಟದಿಂದ ಸೊಲ್ಲಾಪುರ ನಲವತ್ತು ಕಿಲೋಮೀಟರ್ ಆದರೆ ಹೆಚ್ಚು. ಅಲ್ಲಿಂದ ತುಳಜಾಪುರ, ಪಂಢರಪುರ. ಈ ಕಡೆ ಗಾಣಗಾಪುರ. ವರ್ಷಕ್ಕೊಮ್ಮೆ ಯುಗಾದಿಗೆ ಶ್ರೀಶೈಲ. ಈ ಯಾವ ಊರಲ್ಲೂ ಮಲಗಲು ಜಾಗದ ಬರವಿಲ್ಲ. ಭಕ್ತನಿವಾಸ, ಮಠ, ಧರ್ಮಶಾಲೆ, ಏನೂ ಸಿಗದಿದ್ದರೆ ಒಂದು ತಾಡಪತ್ರಿ, ಎರಡು ಸೊಲ್ಲಾಪುರಿ ಚಾದರ. ಊಟಕ್ಕೂ ಅಕ್ಕಲಕೋಟದಲ್ಲಿ ಅನ್ನಛತ್ರ ಇದೆಯಲ್ಲ ಅನ್ನುತ್ತೀ. ಇದೆ. ಆದರೆ ನಿಮ್ಮವ್ವನಿಗೆ, ನಮ್ಮ ವೈನಿಗೆ, ಸಕ್ಕರೆ ಕಾಯಿಲೆ. ಸರತಿಯಲ್ಲಿ ನಿಂತು ಮೂರು ಗಂಟೆಗೆ ಉಣ್ಣುವುದು ಅವರಿಗೆ ಆಗಿಬರದು. ಹನ್ನೆರಡಕ್ಕೆ ಒಂದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕೈಗೆ ಸಿಗಬೇಕು. ಮೊಣಕಾಲು ಹಿಡಿದಿರುವುದರಿಂದ ಕೂಡಲು ಎತ್ತರದ ಕಕ್ಕಸು ಬೇಕು. ನಿನ್ನ ಗಾಡಿ ಮಾಡಬೇಕಾದ ಕೆಲಸ ಇವೆರಡು. ನೀನು ಕಳಿಸಿದ ಒಂದು ನಕಾಶೆಯಲ್ಲೂ ಇವಕ್ಕೆ ಮೊದಲ ಜಾಗ ಕೊಟ್ಟಿಲ್ಲ. ಎಲ್ಲದರಲ್ಲೂ ಅರ್ಧ ಗಾಡಿಯನ್ನು ಹಾಸಿಗೆಯೇ ನುಂಗಿದೆ.

ನಮ್ಮ ಕಡೆ ಕ್ಯಾಂಪರ್ ಹೊಸದೇನಲ್ಲ. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಮಾಳಶಿರಸ, ವೇಳಾಪುರದ ಮೇಲೆ ಬರುತ್ತದೆ, ತುಕಾರಾಮರದು ಅಕಲೂಜದ ಮೇಲೆ. ಎರಡೂ ವಾಖರಿಯಲ್ಲಿ ಕೂಡಿ ಪಂಢರಪುರಕ್ಕೆ ಹೋಗುತ್ತವೆ. ಒಂದು ಸಲ ನಡೆಯುವವರನ್ನು ಬಿಟ್ಟು, ಅವರ ಮುಂದೆ ಹೋಗುವ ದಿಂಡಿಯ, ಅಂದರೆ ಆ ತಂಡಗಳ, ಟ್ರಕ್ಕುಗಳನ್ನು ನೋಡು. ನಸುಕಿನಲ್ಲಿ ಡೇರೆ ಬಿಚ್ಚುತ್ತಾರೆ. ಹೌದಾದ ತಳಕ್ಕೆ, ಕೇಬಿನ್ನಿಗೆ ಒತ್ತಿ, ದವಸದ ಚೀಲಗಳು. ಅದರ ಮೇಲೆ ಮಂದಿಯ ಹಾಸಿಗೆ ಸುರುಳಿಗಳು, ಒಂದೊಂದಕ್ಕೂ ಹೆಸರು ಬರೆದಿರುತ್ತದೆ. ಆಮೇಲೆ ಡೇರೆ, ಗೂಟ, ಹಗ್ಗ. ಹೌದಾದ ಹಿಂಬಾಗಿಲು ಫಾಳಕಾದ ಹತ್ತಿರ, ಎಲ್ಲಕ್ಕಿಂತ ಕೊನೆಗೆ, ಭಟ್ಟಿ, ಪಾತೇಲಿ, ನೀರಿನ ಕ್ಯಾನು. ಮುಂದಿನ ಮುಕ್ಕಾಮಿನಲ್ಲಿ ಗಾಡಿ ನಿಂತದ್ದೇ ಮೊದಲು ಇಳಿಯುವುದು ಒಲೆ. ಡೇರೆ ಎದ್ದು ನಿಲ್ಲುವುದರೊಳಗೆ ಚಹಾ ಆಗಿರುತ್ತದೆ. ಮಂದಿ ಮಲಗುವುದು ಹೊರಗೆ, ಗಾಡಿಯಲ್ಲಿರುವುದು ಅಡಿಗೆ ಮತ್ತು ಸಾಮಾನು. ಅಷ್ಟು ಸಾವಿರ ಮಂದಿ ಅಷ್ಟು ವರ್ಷದಿಂದ ತಿದ್ದಿ ತಿದ್ದಿ ಮಾಡಿಕೊಂಡ ವ್ಯವಸ್ಥೆ ಅದು, ಯಾವ ಇಂಜಿನಿಯರೂ ನಕಾಶೆ ಹಾಕಿಕೊಟ್ಟಿದ್ದಲ್ಲ. ನಮ್ಮ ಸೊಲ್ಲಾಪುರದ ಸಿದ್ಧರಾಮನ ಕಥೆಯಲ್ಲೂ ಹುಡುಗ ಶ್ರೀಶೈಲದ ಮಲ್ಲಯ್ಯನಿಗೆ ಅಂತ ತಂದದ್ದು ಮಜ್ಜಿಗೆ ಅನ್ನ. ಹಾಸಿಗೆ ತಂದ ಅಂತ ಯಾರೂ ಹೇಳಿಲ್ಲ.

ಇನ್ನು ಗಾಡಿಗಳ ಮಾತು.

ಟಾಟಾ ಏಸ್, ನಮ್ಮ ಛೋಟಾ ಹಾಥಿ, ಸಸ್ತಾ ಬೀಳುತ್ತದೆ ಅಂತ ನಿನ್ನ ಗೆಳೆಯ ಹೇಳಿದನಂತೆ. ಏಸ್ ಗೋಲ್ಡಿನ ಹೌದಾ ಏಳಡಿಗಿಂತ ತುಸು ಉದ್ದ, ಐದಡಿಗೆ ತುಸು ಕಡಿಮೆ ಅಗಲ. ಇಬ್ಬರು ಉದ್ದಕ್ಕೆ ಮಲಗಬಹುದು. ಆದರೆ ಕೇಬಿನ್ನಿನಲ್ಲಿ ಕೂಡುವವರೂ ಇಬ್ಬರೇ. ನೀವು ಐವರು. ಬೊಲೆರೊ ಪಿಕಪ್ಪಿನ ಒಂಬತ್ತಡಿ ಹೌದಾದ್ದೂ ಇದೇ ಹಣೆಬರಹ: ಹಿಂದೆ ಅರಮನೆ ಕಟ್ಟಬಹುದು, ಮುಂದೆ ಕೂಡಲು ಜಾಗ ಇಲ್ಲ. ಮಕ್ಕಳನ್ನು ಹಿಂದೆ ಕೂರಿಸಿದರಾಯಿತು ಅಂತ ಮಾತ್ರ ಅನ್ನಬೇಡ. ಮಾಲಿನ ಗಾಡಿಯ ಹೌದಾದಲ್ಲಿ ಮಂದಿ ಕೂರಿಸುವುದು ಕಾಯ್ದೆಗೆ ವಿರುದ್ಧ, ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಜಾತ್ರೆಗೆ ಎಲ್ಲರೂ ಹಾಗೇ ಹೋಗುತ್ತಾರೆ ಅನ್ನುವುದು ಉತ್ತರವಲ್ಲ. ಯಾವ ಪೆಟ್ಟಿಗೆ ಕಟ್ಟಿಸಿದರೂ ಗಾಡಿ ಓಡುವಾಗ ಅದರೊಳಗೆ ಒಂದು ನರಪಿಳ್ಳೆಯೂ ಇರಬಾರದು.

ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಕಣ್ಣಿಗೆ ಕಟ್ಟುವ ಗಾಡಿಗಳು. ಐವರು ಆರಾಮಾಗಿ ಕೂಡಬಹುದು, ನಾಲ್ಕೂ ಚಕ್ರಕ್ಕೆ ಜೋರಿದೆ, ಮಳೆಗಾಲದಲ್ಲಿ ಎರಿ ಮಣ್ಣಲ್ಲಿ ಸಿಕ್ಕರೂ ಎದ್ದುಬರುತ್ತವೆ. ಹೊರುವ ಶಕ್ತಿ ಮಾತ್ರ ಕಡಿಮೆ. ಅದರಲ್ಲಿ ನಿಮ್ಮ ಐವರ ತೂಕವೂ ಸೇರಿತು ಅನ್ನುವುದನ್ನು ಮರೆಯಬೇಡ. ಮಂದಿ ಕೂತ ಮೇಲೆ ಉಳಿಯುವುದು ಒಂದು ಡೇರೆ, ಒಂದು ಒಲೆಗೆ ಸಾಕು, ಮನೆಗೆ ಸಾಲದು. ಅಮೆರಿಕದವರು ಮನೆ ಹೊರಿಸುವ ಪಿಕಪ್ಪುಗಳ ಜಾತಿಯೇ ಬೇರೆ. ನೀನು ಕಳಿಸಿದ ಹೋಸ್ಟ್ ಮ್ಯಾಮತ್ ಇದೆಯಲ್ಲ, ಮೂರು ಕಡೆ ಗೋಡೆ ಹೊರಗೆ ಸರಿಯುವುದು, ಅದರ ಖಾಲಿ ತೂಕವೇ ಒಂದು ಟನ್ ದಾಟುತ್ತದೆ. ನೀರು ತುಂಬಿದ ಮೇಲೆ ಕೇಳಲೇಬೇಡ.

ಉಳಿದದ್ದು ಮಹೀಂದ್ರಾದ ಬೊಲೆರೊ ಕ್ಯಾಂಪರ್. ನಮ್ಮ ಕಡೆ ಬಾಂಧಕಾಮದವರು, ಲೈನ್ ಕೆಲಸದವರು ಓಡಿಸುತ್ತಾರಲ್ಲ, ಅದೇ. ಐವರಿಗೆ ಸೀಟು, ಒಂದು ಟನ್ ಹೊರುತ್ತದೆ, ಯಾವ ಹಳ್ಳಿಯಲ್ಲಿ ಕೆಟ್ಟರೂ ರಿಪೇರಿ ಮಾಡುವವ ಸಿಗುತ್ತಾನೆ. ಕುಂದು ಒಂದೇ, ಹೌದಾ ಗಿಡ್ಡ. ಉದ್ದಕ್ಕೆ ಕಾಲು ಚಾಚಿ ಮಲಗಲಾಗದು. ಅಡ್ಡ ಮಲಗಿದರೆ ಒಳಗಿನವರು ರಾತ್ರಿ ಎದ್ದಾಗ ಹೊರಗಿನವರನ್ನು ದಾಟಬೇಕು, ಅದೂ ಮೊಣಕಾಲು ನೋವಿನವರು. ಅಮೆರಿಕದವರು ಇದಕ್ಕೆ ಉಪಾಯ ಅಂತ ಹಾಸಿಗೆಯನ್ನು ಕೇಬಿನ್ನಿನ ನೆತ್ತಿಯ ಮೇಲೆ ಚಾಚಿಸುತ್ತಾರೆ. ನಮ್ಮಲ್ಲಿ ಹೊರೆ ಮಿತಿ ಮೀರಿ ಮುಂದೆ, ಹಿಂದೆ, ಬದಿಗೆ, ಎತ್ತರಕ್ಕೆ ಚಾಚಿದರೆ ಮೋಟರ್ ವಾಹನ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ದಂಡವೇ 20,000 ರೂಪಾಯಿ, ಇಳಿಸುವ ಖರ್ಚು ಬೇರೆ. ಜಾಸ್ತಿ ತೂಕಕ್ಕೂ 20,000, ಮೇಲೆ ಟನ್ನಿಗೆ 2,000. ಹೀಗಾಗಿ ನನ್ನ ಮನಸ್ಸು ಬೊಲೆರೊ ಕ್ಯಾಂಪರಿನ ಮೇಲೇ ಇದೆ, ಆದರೆ ಹಿಂದೆ ಅಡಿಗೆಮನೆ ಮತ್ತು ಸಾಮಾನು ಮಾತ್ರ. ಮಲಗುವುದಕ್ಕೆ ಡೇರೆ, ಇಲ್ಲವೆ ಭಕ್ತನಿವಾಸದ ಖೋಲಿ.

ಒಳಗೇ ಮಲಗಬೇಕು ಅಂತ ಸೊಸಿ ಹಟ ಹಿಡಿದರೆ ಪಿಕಪ್ಪು ಬಿಟ್ಟು ಫೋರ್ಸ್ ಟ್ರಾವೆಲರ್ ತರದ ಗಾಡಿಗೆ ಹೋಗು. ಅದಕ್ಕೆ ಕಾಯ್ದೆಯ ದಾರಿಯೂ ಇದೆ. ಮೋಟರ್ ಕ್ಯಾರವಾನ್ ಅನ್ನಿಸಿಕೊಳ್ಳಲು ಕೂಡುವ ಸೀಟು ಮತ್ತು ಮೇಜು, ಮಲಗುವ ಜಾಗ, ಅಡಿಗೆಯ ಸೌಕರ್ಯ, ಸಾಮಾನಿಡುವ ಜಾಗ ಇರಬೇಕು, ಎಐಎಸ್-124 ಎಂಬ ಮಾನದಂಡದಂತೆ ಮಂಜೂರಿ ಆಗಿರಬೇಕು. ಮಹಾರಾಷ್ಟ್ರ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸದ ಧೋರಣೆಯನ್ನೂ ತಂದಿದೆ. ಬೇಕಾದರೆ ಒಂದು ಸಲ ಬಾಡಿಗೆಗೆ ತಗೊಂಡು ಶ್ರೀಶೈಲಕ್ಕೆ ಹೋಗಿ ಬಾ. ವರ್ಷದಲ್ಲಿ ಹತ್ತು ರಾತ್ರಿಗಾಗಿ ಅಷ್ಟು ರೊಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ, ಆದರೆ ರೊಕ್ಕ ನಿನ್ನದು.

ತೂಕದ ಲೆಕ್ಕ ಈಗಲೇ ಹಾಕಿಬಿಡೋಣ. ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಕಳೆದು ಬಂದದ್ದೇ ನಿನ್ನ ಬಂಡವಾಳ. ನೀವು ಐವರು 280 ಕಿಲೋ ಅಂತ ಹಿಡಿ. ನೀರು ಲೀಟರಿಗೆ ಒಂದು ಕಿಲೋ, 100 ಲೀಟರಿಗೆ 100. ಮನೆಯ ದೊಡ್ಡ ಸಿಲಿಂಡರಿನಲ್ಲಿ ಗ್ಯಾಸ್ 14.2 ಕಿಲೋ ಇದ್ದರೂ ತುಂಬಿದ ಟಾಕಿ ಹತ್ತಿರ ಹತ್ತಿರ 30. ಐದು ಕಿಲೋದ ಚಿಕ್ಕದೇ ಸಾಕು. ಇನ್ವರ್ಟರಿನ ದೊಡ್ಡ ಬ್ಯಾಟರಿ 50ರ ಮೇಲೆ. ಹಾಸಿಗೆ, ಪಾತ್ರೆ, ಡೇರೆ 100. ಪೆಟ್ಟಿಗೆಯನ್ನು ಹಗುರಾಗಿ ಕಟ್ಟಿಸಿದರೆ 250. ಒಟ್ಟು 800 ಆಸುಪಾಸು. ಒಂದು ಟನ್ನಿನ ಗಾಡಿಗೆ ಇದು ಸರಿ, ತುಳಜಾಪುರದಿಂದ ಬರುವಾಗ ಸೊಸಿ ಒಂದು ಚೀಲ ಮಾಲದಂಡಿ ಜೋಳ ತಗೊಂಡರೂ ಸುಧಾರಿಸುತ್ತದೆ. ಆದರೆ ಬಾಡಿ ಕಟ್ಟುವವರ ಕೈಗೆ ಬಿಟ್ಟರೆ ಕಬ್ಬಿಣದ ಆಂಗಲ್, ದಪ್ಪ ಪ್ಲೈವುಡ್, ಮೇಲೆ ಸನ್ಮೈಕಾ ಹಾಕಿ ಪೆಟ್ಟಿಗೆಯನ್ನೇ ಅರ್ಧ ಟನ್ ಮಾಡಿಟ್ಟಾರು. ಅಲ್ಯುಮಿನಿಯಂ ಚೌಕಟ್ಟು, ತೆಳು ಹಲಗೆ ಅಂತ ಕಾಗದದ ಮೇಲೆ ಬರೆಸಿಕೊ. ಚಾಸಿಗೆ ವೆಲ್ಡಿಂಗ್ ಬೇಡ, ತೂತು ಬೇಡ. ಯು-ಬೋಲ್ಟ್ ಹಾಕಿ ಬಿಗಿಸಲಿ, ಬೇಕಾದಾಗ ಬಿಚ್ಚಿ ಇಳಿಸುವಂತಿರಲಿ. ಗಾಡಿಯ ಮೂಲ ರೂಪ ಬದಲಿಸುವುದನ್ನು ಮೋಟರ್ ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ, ಸುಪ್ರೀಂ ಕೋರ್ಟೂ 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ಇಳಿಸುವ ಪೆಟ್ಟಿಗೆಯಾದರೂ ಸರಿ, ಸೊಲ್ಲಾಪುರದ ಆರ್‌ಟಿಓಗೆ ನಕಾಶೆ ತೋರಿಸಿ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೇ ಮುಂಗಡ ಕೊಡು. ಏಜಂಟನ ಬಾಯಿಮಾತು ನೆಚ್ಚಬೇಡ. ಲೈಸನ್ಸಿನ ಚಿಂತೆ ಮಾತ್ರ ಬೇಡ. ನಿನ್ನ ಕಾರಿನ ಲೈಸನ್ಸಿನ ಮೇಲೇ 7,500 ಕಿಲೋದೊಳಗಿನ ಇಂಥ ಗಾಡಿ ಓಡಿಸಬಹುದು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ.

ಭಾರ ಎಲ್ಲಿಡಬೇಕು ಅನ್ನುವುದರಲ್ಲೂ ದಿಂಡಿಯ ಟ್ರಕ್ಕೇ ಗುರು. ನೀರಿನ ಟಾಕಿ ಕೇಬಿನ್ನಿಗೆ ಒತ್ತಿ, ತಳಕ್ಕೆ. ಹಿಂದಿನ ಅಚ್ಚಿನ ಆಚೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಛಾವಣಿಯ ಮೇಲೆ ಟಾಕಿ ಇಟ್ಟರೆ ತಿರುವಿನಲ್ಲಿ ಗಾಡಿ ಓಲಾಡುತ್ತದೆ. ಮೇಲೆ ಒಂದು ಸೋಲಾರ್ ಹಲಗೆ ಸಾಕು, ಎರಡು ದೀಪ, ಒಂದು ಫ್ಯಾನು, ಮೊಬೈಲು ನಡೆಯುತ್ತವೆ. ಏಸಿ ಆಸೆ ಬಿಡು. ಮೇ ತಿಂಗಳ ಸೊಲ್ಲಾಪುರದ ಬಿಸಿಲಿನಲ್ಲಿ ಬ್ಯಾಟರಿಯ ಏಸಿ ಎಷ್ಟು ಹೊತ್ತು ಬಾಳೀತು?

ಅಡಿಗೆಯನ್ನು ಅಮೆರಿಕದವರು ಒಳಗಿಟ್ಟದ್ದು ಅವರ ಚಳಿಗೆ. ಇಲ್ಲಿ ತಗಡಿನ ಪೆಟ್ಟಿಗೆಯೊಳಗೆ ರೊಟ್ಟಿ ಬಡಿಯುವವರು ಯಾರು? ಗ್ಯಾಸ್ ಸೋರಿದರೆ ಓಡಲೂ ದಾರಿಯಿಲ್ಲ. ಫಾಳಕಾವನ್ನು ಸರಪಳಿಯ ಮೇಲೆ ಸಮನಾಗಿ ನಿಲ್ಲಿಸಿದರೆ ನಿಂತು ಅಡಿಗೆ ಮಾಡುವ ಕಟ್ಟೆ ತಾನೇ ಆಯಿತು. ಎಡಕ್ಕೆ ಒಲೆ, ಬಲಕ್ಕೆ ಪರಾತ, ಹಿಂದೆ ಕೈಗೆಟಕುವಂತೆ ಹಿಟ್ಟಿನ ಡಬ್ಬಿ, ಖಡಕ್ ರೊಟ್ಟಿಯ ಡಬ್ಬಿ. ಸೊಸಿಯ ಎತ್ತರಕ್ಕೆ ಅಳೆದು ನೋಡು. ಅವಳು ಬಗ್ಗಬೇಕಾದರೆ ಆ ಕಟ್ಟೆ ಎರಡನೇ ದಿನಕ್ಕೆ ಬೇಡವಾಗುತ್ತದೆ. ಅವರ ಮಾಡಲ್‌ಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಎರಡು. ಫೋರ್ ವೀಲ್ ಕ್ಯಾಂಪರ್ಸಿನವರ ಮೇಲೇಳುವ ಛಾವಣಿ ಓಡುವಾಗ ತಗ್ಗಾಗಿ ಕೂತಿದ್ದು ನಿಂತಾಗ ಎದ್ದು ಗಾಳಿ ಬಿಡುತ್ತದೆ. ಕೆನಡಾದ ನಾರ್ದರ್ನ್ ಲೈಟಿನವರು ಫೈಬರಿನ ಎರಡೇ ಚಿಪ್ಪು ಕೂಡಿಸಿ ಮನೆ ಮಾಡುತ್ತಾರೆ, ಛಾವಣಿಯಲ್ಲಿ ನೀರು ಇಳಿಯುವ ಜೋಡು ಇಲ್ಲ. ನಿನ್ನ ಪೆಟ್ಟಿಗೆಗೂ ಜೋಡು ಕಡಿಮೆ ಇರಲಿ. ಆದರೆ ಅವರ ಬದಿಯ ಬಾಗಿಲು, ನೆರಳಿನ ಪರದೆಗಳನ್ನು ಹಾಗೇ ನಕಲು ಮಾಡಬೇಡ. ಅವರು ಓಡಿಸುವುದು ರಸ್ತೆಯ ಬಲಕ್ಕೆ, ನಾವು ಎಡಕ್ಕೆ. ಅವರ ನಕಾಶೆಯನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊ, ಇಲ್ಲದಿದ್ದರೆ ಮಕ್ಕಳು ಇಳಿಯುವುದು ನೇರ ಲಾರಿಯ ಮುಂದೆ.

ಕಕ್ಕಸಿಗೆ ಪೆಟ್ಟಿಗೆಯೊಳಗೆ ಖೋಲಿ ಮಾಡಿಸಬೇಡ. ಪಿಕಪ್ಪಿನ ಹೌದಾ ವೈನಿಯ ಸೊಂಟದ ಮಟ್ಟಕ್ಕಿರುತ್ತದೆ, ರಾತ್ರಿ ಎರಡು ಗಂಟೆಗೆ ಅವರು ಅದನ್ನು ಹತ್ತಲಾರರು. ಕೆಳಗೆ ನೆಲದ ಮೇಲೇ, ಎಡ ಬದಿಗೆ ಒಂದಾಳಿನ ಚಿಕ್ಕ ಡೇರೆ, ಅದರಲ್ಲಿ ಕುರ್ಚಿಯಂಥ ಎತ್ತಿಡುವ ಕಮೋಡು, ಹಿಡಿದು ಏಳಲು ಗಾಡಿಗೆ ಬಿಗಿದ ಒಂದು ಪೈಪು. ನೂರು ಲೀಟರಿನಲ್ಲಿ ಅರ್ಧ ಇದಕ್ಕೇ ಅಂತ ತೆಗೆದಿಡು. ನೀರು ಹಿಡಿದಿಟ್ಟು ಬಳಸುವುದನ್ನು ಸೊಲ್ಲಾಪುರದಲ್ಲಿ ಸಂಸಾರ ಮಾಡಿದವರಿಗೆ ಯಾರೂ ಕಲಿಸಬೇಕಿಲ್ಲ.

ರವಿವಾರ ಒಂದು ಕೆಲಸ ಮಾಡು. ಅಂಗಳ ಗುಡಿಸಿ, ಟೇಪು ಹಿಡಿದು, ರಂಗೋಲಿ ಪುಡಿಯಲ್ಲಿ ಗಾಡಿಯ ಹೌದಾವನ್ನು ಇದ್ದ ಅಳತೆಗೇ ಬರೆ. ಟಾಕಿಯ ಜಾಗಕ್ಕೆ ಕೊಡ ಇಡು, ಫಾಳಕಾದ ಎತ್ತರಕ್ಕೆ ಒಂದು ಮೇಜು, ಕಮೋಡಿಗೆ ಒಂದು ಕುರ್ಚಿ. ಸೊಸಿ ಅಲ್ಲಿ ನಿಂತು ಒಂದು ಹೊತ್ತಿನ ಅಡಿಗೆ ಮಾಡಲಿ, ಮಕ್ಕಳು ಓಡಾಡಲಿ, ವೈನಿ ಕತ್ತಲಾದ ಮೇಲೆ ಹಾಸಿಗೆಯಿಂದ ಎದ್ದು ಕುರ್ಚಿಯ ತನಕ ನಡೆದು ನೋಡಲಿ. ಎಲ್ಲಿ ಎಡವುತ್ತಾರೋ ಅಲ್ಲಿ ರೇಖೆ ಅಳಿಸಿ ಬೇರೆ ಹಾಕು, ಅದಕ್ಕೆ ದುಡ್ಡು ಬೀಳುವುದಿಲ್ಲ. ಪೆಟ್ಟಿಗೆ ತಯಾರಾದ ಮೇಲೆ ನೀರು ತುಂಬಿ, ಐವರೂ ಕೂತು, ಮಾರ್ಕೆಟ್ ಯಾರ್ಡಿನ ಹತ್ತಿರದ ಯಾವುದಾದರೂ ಕಾಂಟಾಕ್ಕೆ ಒಯ್ದು ಮುಂದಿನ ಅಚ್ಚು, ಹಿಂದಿನ ಅಚ್ಚು ಬೇರೆ ಬೇರೆ ತೂಗಿಸು. ಚೀಟಿಯ ಫೋಟೊ ನನಗೆ ಹಾಕು. ಮೊದಲ ಫೇರಿ ಗಾಣಗಾಪುರಕ್ಕೇ ಇರಲಿ. ಏನಾದರೂ ಮರೆತಿದ್ದರೆ ಅರ್ಧ ದಿನದಲ್ಲಿ ತಿರುಗಿ ಬರಬಹುದು.