ಗಾಡಿ ಸರ್ವೀಸಿಗೆ ಬಿಡುವಾಗ: ಹಾಲಿನ ಚೀಟಿಯಂತೆ ಜಾಬ್ ಕಾರ್ಡೂ ಕೈಯಲ್ಲಿರಲಿ



ಬೆಳಗಿನ ಹಾಲು ಕರೆದು, ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಡುವ ನಿಮ್ಮಲ್ಲಿ ಅನೇಕರು ಈಗ ಸ್ವತಃ ಮೊಪೆಡ್ ಅಥವಾ ಸ್ಕೂಟರ್ ಓಡಿಸುತ್ತೀರಿ. ಮೇವಿನ ಹೊರೆ, ಪಶು ಆಹಾರದ ಚೀಲ, ಮಕ್ಕಳನ್ನು ಶಾಲೆಗೆ ಬಿಡುವುದು, ಹಸುವಿಗೆ ಔಷಧಿ ತರುವುದು, ಎಲ್ಲದಕ್ಕೂ ಅದೇ ಗಾಡಿ. ಅದು ಎರಡು ದಿನ ಸರ್ವೀಸ್ ಸೆಂಟರಿನಲ್ಲಿ ನಿಂತರೆ ನಾಲ್ಕು ಹೊತ್ತಿನ ಹಾಲು ಸಾಗಿಸುವ ಚಿಂತೆ ನಿಮ್ಮ ತಲೆಯ ಮೇಲೆ. ಆ ನಾಲ್ಕು ಹೊತ್ತಿನ ಹಾಲನ್ನು ನಿಮ್ಮ ಬಟವಾಡೆ ದರದಿಂದ ಒಮ್ಮೆ ಗುಣಿಸಿ ನೋಡಿ. ಸರ್ವೀಸ್ ಬಿಲ್ಲಿನಲ್ಲಿ ಕಾಣದ ನಷ್ಟ ಎಷ್ಟೆಂದು ತಿಳಿಯುತ್ತದೆ.

ಸಂಘದಲ್ಲಿ ನೀವು ಯಾರ ಮಾತನ್ನೂ ಸುಮ್ಮನೆ ನಂಬಿ ಹಾಲು ಹಾಕುವುದಿಲ್ಲ. ಅಳತೆ ನಿಮ್ಮ ಕಣ್ಣೆದುರು ಆಗುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಬರಹದಲ್ಲಿ ಸಿಗುತ್ತದೆ, ಚೀಟಿ ನಿಮ್ಮ ಕೈಗೆ ಬರುತ್ತದೆ. ಕಣ್ಣೆದುರು, ಬರಹದಲ್ಲಿ, ಕೈಯಲ್ಲಿ: ಈ ಮೂರನ್ನೇ ಶೋರೂಮಿನ ಸರ್ವೀಸ್ ವಿಭಾಗದಲ್ಲೂ ಕೇಳುವುದು ಹೇಗೆ ಎಂಬುದು ಈ ತಿಂಗಳ ಪಾಠ.

1. ಹೋಗುವ ಮುನ್ನ

ಹಿಂದಿನ ದಿನವೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ಬೆಳಗಿನ ಹಾಲು ಹಾಕಿದ ಕೂಡಲೇ ಗಾಡಿ ಬಿಟ್ಟರೆ ಸಂಜೆಯ ಹಾಲಿಗೆ ಮುಂಚೆ ಪಡೆಯುವ ಅವಕಾಶ ಹೆಚ್ಚು. "ಸಂಜೆ ಡೇರಿಗೆ ಹಾಲು ಹಾಕಬೇಕು, ಇಷ್ಟು ಗಂಟೆಗೆ ಗಾಡಿ ಬೇಕು" ಎಂದು ಮೊದಲೇ ಹೇಳಿ. ಆಗದು ಎಂದರೆ ಬೇರೆ ದಿನ ಕೇಳಿ.

ತೊಂದರೆ ಏನೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. "ಗಾಡಿ ಸರಿ ಇಲ್ಲ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಪಶುವೈದ್ಯರಿಗೆ "ಹಸು ಎರಡು ದಿನದಿಂದ ಮೆಲುಕು ಹಾಕುತ್ತಿಲ್ಲ" ಎಂದು ಲಕ್ಷಣ ಹೇಳುವಂತೆಯೇ ಇಲ್ಲಿಯೂ ಹೇಳಬೇಕು: "ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ತಡ", "ಕ್ಯಾನು ಹೊತ್ತಾಗ ಮಾತ್ರ ಹಿಂದಿನ ಬ್ರೇಕ್ ಹಿಡಿಯುವುದಿಲ್ಲ", "ಇಳಿಜಾರಿನಲ್ಲಿ ಕಟಕಟ ಸದ್ದು".

ಹೊರೆಯ ವಿಷಯವನ್ನೂ ಮುಚ್ಚಿಡಬೇಡಿ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. 40 ಲೀಟರ್ ಎಂದರೆ 41 ಕೆ.ಜಿ., ಕ್ಯಾನಿನ ತೂಕ ಬೇರೆ. ಇಂತಹ ಹೊರೆಗೆ ಹಿಂದಿನ ಬ್ರೇಕ್, ಟೈರು ಮತ್ತು ಶಾಕ್ ಅಬ್ಸಾರ್ಬರ್ ಬೇಗ ಸವೆಯುತ್ತವೆ. ನಿಮ್ಮ ಗಾಡಿ ಎಷ್ಟು ಭಾರ ಹೊರಬಹುದು, ಹೊರೆಯಿದ್ದಾಗ ಟೈರಿಗೆ ಎಷ್ಟು ಗಾಳಿ ಬೇಕು ಎಂಬುದು ಗಾಡಿಯ ಜೊತೆ ಕೊಟ್ಟ ಕೈಪಿಡಿಯಲ್ಲಿದೆ. ಮಿತಿ ಮೀರಿ ಹೊರೆ ಹಾಕಿದ್ದೀರಿ ಎಂಬ ಕಾರಣ ಹೇಳಿ ವಾರಂಟಿ ನಿರಾಕರಿಸುವುದುಂಟು. ಆದ್ದರಿಂದ ಆ ಪುಟವನ್ನು ಇಂದೇ ಓದಿ.

2. ಜಾಬ್ ಕಾರ್ಡ್

ಗಾಡಿ ಬಿಡುವಾಗ ಸರ್ವೀಸ್ ಅಡ್ವೈಸರ್ ಬರೆಯುವ ಕಾಗದವೇ ಜಾಬ್ ಕಾರ್ಡ್. ಅದರಲ್ಲಿ ಈ ಆರು ವಿಷಯ ಇವೆಯೇ ನೋಡಿ, ನಂತರ ಸಹಿ ಮಾಡಿ:

* ಗಾಡಿಯ ಸಂಖ್ಯೆ ಮತ್ತು ಅಂದಿನ ಕಿಲೋಮೀಟರ್
* ಟ್ಯಾಂಕಿನಲ್ಲಿರುವ ಪೆಟ್ರೋಲ್ ಪ್ರಮಾಣ
* ಮೊದಲೇ ಇರುವ ಗೀರು, ಒಡೆದ ಭಾಗ
* ನೀವು ಹೇಳಿದ ತೊಂದರೆಗಳು, ನೀವು ಹೇಳಿದ ಮಾತಿನಲ್ಲೇ
* ಅಂದಾಜು ಖರ್ಚು
* ಗಾಡಿ ಹಿಂದಿರುಗಿಸುವ ದಿನ ಮತ್ತು ಸಮಯ

ಜಾಬ್ ಕಾರ್ಡ್ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳುವಂತೆ ಕೇಳಿ. ಕೇಳಲು ಸಂಕೋಚ ಬೇಡ. ಖಾಲಿ ಹಾಳೆಗೆ ಸಹಿ ಮಾಡಬೇಡಿ. ಒಂದು ಪ್ರತಿ ಕೇಳಿ ಪಡೆಯಿರಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಗಾಡಿಯ ನಾಲ್ಕು ಕಡೆಯ ಫೋಟೋ, ಕಿಲೋಮೀಟರ್ ತೋರಿಸುವ ಮೀಟರಿನ ಫೋಟೋ ಕೂಡ ಇರಲಿ.

ಅದರ ಮೇಲೆ ಒಂದು ಸಾಲು ಬರೆಸಿ: "ಅಂದಾಜಿಗಿಂತ ಹೆಚ್ಚಿನ ಕೆಲಸಕ್ಕೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು. ಬದಲಿಸಿದ ಹಳೆಯ ಭಾಗ ತೋರಿಸಬೇಕು." ಈ ಒಂದು ಸಾಲು ಮುಂದಿನ ಹತ್ತು ಜಗಳ ತಪ್ಪಿಸುತ್ತದೆ. ಫೋನ್ ನಂಬರ್ ಕೊಡುವಾಗ ನಿಮ್ಮದೇ ಕೊಡಿ. ಮನೆಯವರ ನಂಬರ್ ಕೊಟ್ಟರೆ ತೊಂದರೆ ಗೊತ್ತಿರುವ ನಿಮ್ಮನ್ನು ಬಿಟ್ಟು ಗೊತ್ತಿಲ್ಲದವರನ್ನು ಕೇಳಿ ಕೆಲಸ ಮುಗಿಸುತ್ತಾರೆ.

3. ಫ್ರೀ ಸರ್ವೀಸ್ ಪೂರ್ತಿ ಉಚಿತವಲ್ಲ

ಹೊಸ ಗಾಡಿಗೆ ಕೊಡುವ ಫ್ರೀ ಸರ್ವೀಸಿನಲ್ಲಿ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ. ಇಂಜಿನ್ ಆಯಿಲ್ ಮೊದಲಾದವುಗಳಿಗೆ ಹಣ ಕೊಡಬೇಕು. ಇದು ಮೋಸವಲ್ಲ. ಆದರೆ ಮೊದಲೇ ಕೇಳಿ ತಿಳಿದುಕೊಂಡರೆ ಬಿಲ್ ಕೈಗೆ ಬಂದಾಗ ಗಾಬರಿಯಾಗುವುದಿಲ್ಲ. ಪ್ರತಿ ಫ್ರೀ ಸರ್ವೀಸಿಗೂ ದಿನದ ಮಿತಿ ಮತ್ತು ಕಿಲೋಮೀಟರ್ ಮಿತಿ ಎರಡೂ ಇರುತ್ತವೆ, ಯಾವುದು ಮೊದಲು ಬರುತ್ತದೋ ಅದು ಲೆಕ್ಕ. ಕರುವಿಗೆ ಲಸಿಕೆ ಹಾಕಿಸುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸುವಂತೆ ಇದನ್ನೂ ಗುರುತಿಸಿ. ಅವಧಿ ತಪ್ಪಿದರೆ ವಾರಂಟಿಗೆ ತಕರಾರು ಬರಬಹುದು.

ವಾರಂಟಿ ಇದ್ದರೂ ಬ್ರೇಕ್ ಶೂ, ಕೇಬಲ್, ಬಲ್ಬ್, ಸ್ಪಾರ್ಕ್ ಪ್ಲಗ್ ಮುಂತಾದ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.

4. ಬಿಲ್ ಓದುವ ಅಭ್ಯಾಸ

ಪಾಠಕ್ಕಾಗಿ ಒಂದು ಲೆಕ್ಕ ನೋಡೋಣ. ಇದರ ಮೊತ್ತಗಳು ಅಭ್ಯಾಸಕ್ಕಾಗಿ ಮಾತ್ರ. ಜಾಬ್ ಕಾರ್ಡಿನಲ್ಲಿ ಅಂದಾಜು 1,050 ರೂ. ಎಂದಿದೆ. ಸಂಜೆ ಬಂದ ಬಿಲ್ ಹೀಗಿದೆ:

ಇಂಜಿನ್ ಆಯಿಲ್: 400 ರೂ.
ಬ್ರೇಕ್ ಶೂ: 300 ರೂ.
ಕೂಲಿ: 350 ರೂ.
ಟೆಫ್ಲಾನ್ ಕೋಟಿಂಗ್: 450 ರೂ.
ಸ್ಪಾರ್ಕ್ ಪ್ಲಗ್: 150 ರೂ.
ಇತರೆ ಸಾಮಗ್ರಿ: 100 ರೂ.
ಒಟ್ಟು: 1,750 ರೂ.

ಮೊದಲ ಮೂರು ಸಾಲು ನೀವು ಒಪ್ಪಿದ 1,050 ರೂ. ಉಳಿದ 700 ರೂಪಾಯಿಗೆ ಒಂದೊಂದೇ ಪ್ರಶ್ನೆ ಕೇಳಿ. ಟೆಫ್ಲಾನ್ ಕೋಟಿಂಗ್ ಬಣ್ಣದ ಹೊಳಪಿಗೆ. ಕೊಟ್ಟಿಗೆಯ ಪಕ್ಕ ನಿಲ್ಲುವ, ದಿನವೂ ಹೊಲದ ದಾರಿಯಲ್ಲಿ ಓಡುವ ಗಾಡಿಗೆ ಅದು ಬೇಕೇ ಬೇಡವೇ ನೀವೇ ತೀರ್ಮಾನಿಸಬೇಕು. ನಿಮ್ಮನ್ನು ಕೇಳಿದರೇ? ಸ್ಪಾರ್ಕ್ ಪ್ಲಗ್ ಬದಲಿಸಿದ್ದರೆ ಹಳೆಯದನ್ನು ತೋರಿಸಲಿ. "ಇತರೆ" ಎಂದರೆ ಏನೇನು? ಹೆಸರು ಬರೆಯಲಿ.

ಅಡ್ವೈಸರ್‌ಗಳಿಗೆ ತಿಂಗಳಿಗಿಷ್ಟು ಎಂದು ವ್ಯಾಪಾರದ ಗುರಿ ಇರುವುದು ಸಾಮಾನ್ಯ. ಅವರು ಕೋಟಿಂಗ್, ಇಂಜಿನ್ ಫ್ಲಶ್, ಟೈರಿಗೆ ನೈಟ್ರೋಜನ್ ಎಂದು ಹೇಳಿದರೆ ಸಿಟ್ಟಾಗಬೇಕಿಲ್ಲ. "ಕೈಪಿಡಿಯಲ್ಲಿ ಇದು ಕಡ್ಡಾಯವೆಂದು ಎಲ್ಲಿದೆ, ತೋರಿಸಿ" ಎಂದು ಕೇಳಿ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ವಾರಕ್ಕೊಮ್ಮೆ ಸಾಧಾರಣ ಗಾಳಿ ಪರೀಕ್ಷಿಸಿಕೊಂಡರೆ ಹಾಲಿನ ಗಾಡಿಗೆ ಸಾಕು.

ಹಣ ಕೊಡುವ ಮೊದಲು ಗಾಡಿಯನ್ನು ಸ್ವಲ್ಪ ದೂರ ಓಡಿಸಿ ನೋಡಿ. ನೀವು ಬರೆಸಿದ ಪ್ರತಿ ತೊಂದರೆಯೂ ಸರಿಹೋಗಿದೆಯೇ ಎಂದು ಒಂದೊಂದಾಗಿ ಗುರುತು ಹಾಕಿ. ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲನ್ನೇ ಪಡೆಯಿರಿ. "ಬಿಲ್ ಬೇಡವಾದರೆ ಕಡಿಮೆ ಮಾಡುತ್ತೇವೆ" ಎಂಬ ಮಾತಿಗೆ ಒಪ್ಪಬೇಡಿ. ಬಿಲ್ ಇಲ್ಲದ ಕೆಲಸಕ್ಕೆ ಆಮೇಲೆ ಆಧಾರ ಇರುವುದಿಲ್ಲ.

5. ಊರಿನ ಮೆಕ್ಯಾನಿಕ್ಕೋ, ಶೋರೂಮೋ?

ಎರಡೂ ಬೇಕು. ವಾರಂಟಿ ಅವಧಿಯಲ್ಲಿ ಶೋರೂಮಿಗೇ ಹೋಗಿ. ವಾರಂಟಿ ಮುಗಿದ ಮೇಲೆ ಪಂಕ್ಚರ್, ಬ್ರೇಕ್ ಶೂ, ಕೇಬಲ್, ಆಯಿಲ್ ಬದಲಾವಣೆಗೆ ನಂಬಿಕೆಯ ಮೆಕ್ಯಾನಿಕ್ ಹತ್ತಿರವಿದ್ದರೆ ಹಣ, ಸಮಯ ಎರಡೂ ಉಳಿಯುತ್ತವೆ. ಆದರೆ 2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ ಬಿಎಸ್-6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬ್ಯುರೇಟರ್ ಇಲ್ಲ, ಪೆಟ್ರೋಲ್ ಬಿಡುವುದನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಮೀಟರಿನಲ್ಲಿ ಇಂಜಿನ್ ಗುರುತಿನ ದೀಪ ಆರದೆ ಉರಿಯುತ್ತಿದ್ದರೆ ದೋಷ ಪತ್ತೆಗೆ ಬೇರೆ ಯಂತ್ರ ಬೇಕು. ಅಂದಾಜಿನ ಮೇಲೆ ಒಂದಾದ ಮೇಲೊಂದು ಭಾಗ ಬದಲಿಸಲು ಬಿಡಬೇಡಿ.

6. ತೊಂದರೆ ಸರಿಹೋಗದಿದ್ದರೆ

ಮೊದಲ ಮೆಟ್ಟಿಲು: ಸರ್ವೀಸ್ ಮ್ಯಾನೇಜರ್. ಜಾಬ್ ಕಾರ್ಡ್ ತೋರಿಸಿ. ಅದೇ ತೊಂದರೆಗೆ ಮತ್ತೆ ಗಾಡಿ ಬಿಟ್ಟರೆ ಪ್ರತಿ ಸಲವೂ ಹೊಸ ಜಾಬ್ ಕಾರ್ಡ್ ಬರೆಸಿ. "ಇದೊಂದು ಸಣ್ಣ ಕೆಲಸ, ಕಾರ್ಡ್ ಯಾಕೆ" ಎಂದರೆ ಒಪ್ಪಬೇಡಿ. ಒಂದೇ ದೋಷಕ್ಕೆ ಮೂರು ಸಲ ಬಂದಿದ್ದೀರಿ ಎಂಬುದಕ್ಕೆ ಆ ಮೂರು ಕಾರ್ಡುಗಳೇ ಸಾಕ್ಷಿ.

ಎರಡನೆಯದು: ಗಾಡಿ ತಯಾರಿಸಿದ ಕಂಪನಿಯ ಗ್ರಾಹಕ ಸೇವಾ ಸಂಖ್ಯೆ. ಅದು ಕೈಪಿಡಿಯಲ್ಲಿರುತ್ತದೆ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಮೂರನೆಯದು: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತನಾಡಬಹುದು. ಇದು ನ್ಯಾಯಾಲಯವಲ್ಲ. ಆದರೆ ನಿಮ್ಮ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ.

ನಾಲ್ಕನೆಯದು: ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಶೋರೂಂ ಬೇರೆ ಜಿಲ್ಲೆಯಲ್ಲಿದ್ದರೂ ಸರಿ. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ತೊಂದರೆ ಆದ 2 ವರ್ಷದೊಳಗೆ ದೂರು ಕೊಡಬೇಕು. ಬಿಲ್ ಕೊಡದಿರುವುದೂ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ.

ಬಿಲ್ಲಿನ ಬಗ್ಗೆ ತಕರಾರಿದ್ದು, ಸಂಜೆಯ ಹಾಲಿಗೆ ಗಾಡಿ ಬೇಕೇ ಬೇಕು ಎಂದಾದರೆ ಏನು ಮಾಡುವುದು? ಮಾಡಿದ ಕೆಲಸದ ಹಣ ಬರುವವರೆಗೆ ಗಾಡಿ ಇಟ್ಟುಕೊಳ್ಳುವ ಹಕ್ಕು ರಿಪೇರಿ ಮಾಡಿದವರಿಗೂ ಕಾನೂನಿನಲ್ಲಿದೆ. ಅಲ್ಲಿ ಜಗಳವಾಡುತ್ತಾ ಹೊತ್ತು ಕಳೆಯುವ ಬದಲು, ಬಿಲ್ಲಿನ ಎರಡೂ ಪ್ರತಿಯ ಮೇಲೆ "ಇಂತಿಂಥ ಸಾಲಿಗೆ ನನ್ನ ಒಪ್ಪಿಗೆ ಇರಲಿಲ್ಲ, ಆಕ್ಷೇಪಣೆಯೊಂದಿಗೆ ಹಣ ಕೊಟ್ಟಿದ್ದೇನೆ" ಎಂದು ಬರೆದು, ದಿನಾಂಕ ಹಾಕಿ, ಹಣ ಕೊಟ್ಟು ಗಾಡಿ ತನ್ನಿ. ಹಾಲು ಹಾಕಿ ಬಂದ ಮೇಲೆ ದೂರು ಬರೆಯಿರಿ.

7. ಎರಡು ಸಂದೇಹ

"ಗಾಡಿ ಯಜಮಾನರ ಹೆಸರಿನಲ್ಲಿದೆ, ನಾನು ಕೇಳಬಹುದೇ?" ಕೇಳಬಹುದು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಈ ಕಾಯ್ದೆಯಲ್ಲಿ ಗ್ರಾಹಕರೇ. ಆದರೂ ಮುಂದಿನ ಗಾಡಿ ಕೊಳ್ಳುವಾಗ ಅದನ್ನು ಓಡಿಸುವ ನಿಮ್ಮ ಹೆಸರಿನಲ್ಲೇ ನೋಂದಣಿ ಮಾಡಿಸುವ ಬಗ್ಗೆ ಮನೆಯಲ್ಲಿ ಮಾತಾಡಿ.

"ಹಾಲು ಮಾರುವುದು ವ್ಯಾಪಾರ, ನೀವು ಗ್ರಾಹಕರಲ್ಲ ಎಂದರೆ?" ಸ್ವಂತ ದುಡಿಮೆಯಿಂದ ಜೀವನ ನಡೆಸುವುದಕ್ಕೆಂದೇ ಕೊಂಡು ಬಳಸುವ ವಸ್ತುವನ್ನು ಕಾಯ್ದೆ ವಾಣಿಜ್ಯ ಉದ್ದೇಶವೆಂದು ಎಣಿಸುವುದಿಲ್ಲ. ಎರಡು ಹಸು ಕಟ್ಟಿ, ತಾನೇ ಹಾಲು ಸಾಗಿಸಿ ಮನೆ ನಡೆಸುವ ಮಹಿಳೆ ಧೈರ್ಯವಾಗಿ ಈ ಮಾತನ್ನು ಮುಂದಿಡಬಹುದು.

ಈ ತಿಂಗಳ ಸಭೆಯಲ್ಲಿ ಮಾಡಿ ನೋಡಿ

ಪ್ರತಿಯೊಬ್ಬರೂ ಹಿಂದಿನ ಸರ್ವೀಸ್ ಬಿಲ್ ತನ್ನಿ. ಒಬ್ಬರು ಓದಲಿ, ಉಳಿದವರು ಈ ಮೂರು ಪ್ರಶ್ನೆ ಕೇಳಲಿ: ಈ ಕೆಲಸಕ್ಕೆ ನಿಮ್ಮನ್ನು ಕೇಳಿದ್ದರೇ? ಹಳೆಯ ಭಾಗ ತೋರಿಸಿದರೇ? ಹೇಳಿದ ಹೊತ್ತಿಗೆ ಗಾಡಿ ಸಿಕ್ಕಿತೇ? ಯಾವ ಸರ್ವೀಸ್ ಸೆಂಟರಿನಲ್ಲಿ ಮೂರಕ್ಕೂ "ಹೌದು" ಎಂಬ ಉತ್ತರ ಬರುತ್ತದೋ ಅದರ ಹೆಸರನ್ನು ಎಲ್ಲರೂ ಬರೆದುಕೊಳ್ಳಿ. ಒಂದೇ ಊರಿನ ಹತ್ತು ಗಾಡಿ ಅಲ್ಲಿಗೆ ಹೋಗತೊಡಗಿದರೆ ಹತ್ತು ಜನರ ಮಾತಿಗೂ ಬೆಲೆ ಬರುತ್ತದೆ. ಒಬ್ಬೊಬ್ಬರಾಗಿ ಹಾಲು ಮಾರುತ್ತಿದ್ದವರು ಸಂಘ ಕಟ್ಟಿದ್ದೂ ಇದೇ ಲೆಕ್ಕದ ಮೇಲೆ.