ಎಂಎಫ್‌ಐ ಒಂದೇ, ಹರಿಯೋ ರೀತಿ ಬೇರೆ

ಎಲ್‌ಡಿಪಿಇ, ಎಲ್‌ಎಲ್‌ಡಿಪಿಇ ಎರಡರ ಡೇಟಾಶೀಟಿನಲ್ಲೂ ಎಂಎಫ್‌ಐ 2 ಅಂತಿದೆ ಅಂದ್ಕೊಳ್ಳಿ. ಅಷ್ಟನ್ನೇ ನಂಬಿ ಎಲ್‌ಡಿಪಿಇ ಬದಲು ಇನ್ನೊಂದನ್ನು ಎಕ್ಸ್‌ಟ್ರೂಡರಿಗೆ ಸುರಿದರೆ ಮೋಟಾರಿನ ಲೋಡ್ ಏರುತ್ತೆ, ಫಿಲ್ಮಿನ ಬಬಲ್ ಓಲಾಡುತ್ತೆ. ಯಾಕೆ?

ಎಂಎಫ್‌ಐ ಅಂದರೆ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ, 2.16 ಕೆಜಿ ತೂಕ ಹೇರಿದಾಗ 10 ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯಿತು ಅನ್ನೋದು, ಅಷ್ಟೇ. ಅದು ನಿಧಾನದ ಹರಿವು. ಡೈ ಒಳಗಿನ ಷಿಯರ್ ರೇಟ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಎಲ್‌ಡಿಪಿಇ ಅಣುವಿನ ಸರಪಳಿಗೆ ಉದ್ದುದ್ದ ಕೊಂಬೆಗಳಿವೆ. ಷಿಯರ್ ಹೆಚ್ಚಿದಂತೆ ಅದರ ಸ್ನಿಗ್ಧತೆ ಚೆನ್ನಾಗಿ ಇಳಿಯುತ್ತೆ. ಎಳೆದಾಗ ಮಾತ್ರ ಕೊಂಬೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯಾಗುತ್ತೆ. ಎಲ್‌ಎಲ್‌ಡಿಪಿಇಗೆ ಇರೋದು ಗಿಡ್ಡ ಕೊಂಬೆಗಳು: ಷಿಯರಿಗೆ ಅಷ್ಟು ತೆಳುವಾಗಲ್ಲ, ಎಳೆದರೆ ಬೆಂದ ಶಾವಿಗೆ ಹಾಗೆ ಜಾರಿಬಿಡುತ್ತೆ. ಫಿಲ್ಮ್ ಮಾಡೋರು ಅದಕ್ಕೆ ಒಂದಿಷ್ಟು ಎಲ್‌ಡಿಪಿಇ ಬೆರೆಸೋದು ಈ ಕಾರಣಕ್ಕೇ.