ಒಂದು ಅಂಗವು ನೊಂದಾಗ

ಓದತಕ್ಕ ವೇದಭಾಗಗಳು: 1 ಕೊರಿಂಥ 12: 12–27, ಅಪೊಸ್ತಲರ ಕೃತ್ಯಗಳು 1: 15–26.



ನಮ್ಮ ಗ್ರಾಮಸಭೆಗಳಲ್ಲಿ ಪದೇ ಪದೇ ಕೇಳಿಬರುವ ಒಂದು ದುಃಖದ ಮಾತುಂಟು. ಹಾಡು ಎತ್ತಿಕೊಡುತ್ತಿದ್ದ ಹಿರಿಯನು ಹಾಸಿಗೆ ಹಿಡಿದನು. ಉಪದೇಶಿಯು ಬೇರೆ ಊರಿಗೆ ವರ್ಗವಾಗಿ ಹೋದನು. ಎರಡು ಮನೆಯವರು ಕೆಲಸ ಹುಡುಕಿಕೊಂಡು ಪಟ್ಟಣ ಸೇರಿದರು. ಉಳಿದವರು, “ಇನ್ನು ನಮ್ಮಿಂದ ಏನಾದೀತು?” ಎಂದು ಕೈಕಟ್ಟಿ ಕೂತುಕೊಳ್ಳುವರು. ಹೀಗೆ ಹೇಳುವವರಿಗಾಗಿ ಒಂದು ಆಟದ ತಂಡದ ಸಂಗತಿಯನ್ನು ದೃಷ್ಟಾಂತವಾಗಿ ಬರೆಯುತ್ತೇನೆ. ಆಟದ ಮಾತು ಈ ಪತ್ರಿಕೆಗೆ ತಕ್ಕದ್ದೋ ಎಂದು ಯಾರೂ ಸಂಶಯಪಡಬಾರದು. ಅಪೊಸ್ತಲನಾದ ಪೌಲನು ಸಹ ಕೊರಿಂಥದವರಿಗೆ ಬರೆಯುವಾಗ ಓಟಗಾರರ ದೃಷ್ಟಾಂತವನ್ನು ಹೇಳಿದನಲ್ಲವೇ?

ಬಾಸ್ಕೆಟ್‌ಬಾಲ್ ಎಂಬ ಆಟವನ್ನು ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಕಂಡಿರಬಹುದು. ಇದು ಹುಟ್ಟಿದ್ದು ಕ್ರಿಸ್ತೀಯ ಸಂಸ್ಥೆಯೊಂದರಲ್ಲಿಯೇ. 1891ನೆಯ ಡಿಸೆಂಬರ್ ತಿಂಗಳಲ್ಲಿ ಅಮೇರಿಕಾದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ, ವೈ.ಎಂ.ಸಿ.ಎ. ಎಂಬ ಯೌವನಸ್ಥರ ಸಂಘಕ್ಕೆ ಕೆಲಸಗಾರರನ್ನು ಸಿದ್ಧಮಾಡುವ ಶಾಲೆಯಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು ಇದನ್ನು ಕಲ್ಪಿಸಿದನು. ಅವನು ದೇವಜ್ಞಾನಶಾಸ್ತ್ರವನ್ನು ಓದಿದವನು. ಚಳಿಗಾಲದಲ್ಲಿ ಹೊರಗೆ ಆಡಲಾರದ ಯುವಕರಿಗಾಗಿ ಎರಡು ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ, ಚೆಂಡನ್ನು ಅವುಗಳೊಳಗೆ ಹಾಕಬೇಕೆಂದು 13 ನಿಯಮಗಳನ್ನು ಬರೆದನು. ಈಗ ಪ್ರತಿ ತಂಡದಿಂದ ಐದು ಮಂದಿ ಅಂಗಳದಲ್ಲಿ ಆಡುವರು; ಮಿಕ್ಕವರು ಬದಿಯ ಬೆಂಚಿನ ಮೇಲೆ ಕೂತು ತಮ್ಮ ಸರದಿಗಾಗಿ ಕಾದಿರುವರು. ಈ ಬೆಂಚನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಪಾಠವು ಅಲ್ಲಿಯೇ ಇದೆ.

ಅಮೇರಿಕಾದ ಹ್ಯೂಸ್ಟನ್ ಪಟ್ಟಣದ ರಾಕೆಟ್ಸ್ ಎಂಬ ತಂಡವು 1994ರಲ್ಲಿ ಆ ದೇಶದ ಎಲ್ಲಾ ತಂಡಗಳನ್ನು ಮೀರಿಸಿ ಪ್ರಥಮ ಸ್ಥಾನ ಪಡೆಯಿತು. ಮರುವರುಷ ಅದರ ಸ್ಥಿತಿಯು ಬದಲಾಯಿತು. ಆ ಪಂದ್ಯಗಳಲ್ಲಿ ತಂಡಗಳು ಒಬ್ಬ ಆಟಗಾರನನ್ನು ಕೊಟ್ಟು ಮತ್ತೊಬ್ಬನನ್ನು ತೆಗೆದುಕೊಳ್ಳುವ ಪದ್ಧತಿಯುಂಟು. ಹಾಗೆಯೇ 1995ನೆಯ ಫೆಬ್ರವರಿ 14ರಲ್ಲಿ, ಹಿಂದಿನ ವರುಷದ ಜಯದಲ್ಲಿ ಪಾಲುಗಾರನಾಗಿದ್ದ ಓಟಿಸ್ ಥಾರ್ಪ್ ಎಂಬ ಬಲಿಷ್ಠನನ್ನು ಪೋರ್ಟ್‌ಲೆಂಡ್ ತಂಡಕ್ಕೆ ಕೊಟ್ಟು, ಕ್ಲೈಡ್ ಡ್ರೆಕ್ಸ್ಲರ್ ಎಂಬವನನ್ನು ಬರಮಾಡಿಕೊಂಡರು. ಬಂದವನು ಹೆಸರುವಾಸಿಯಾದ ಆಟಗಾರನು. ಆದರೆ ಹೊಸಬನು ಬಂದ ಮಾತ್ರಕ್ಕೆ ತಂಡವು ಬಲಗೊಳ್ಳಲಿಲ್ಲ. ಆ ತರುವಾಯದ ಆಟಗಳಲ್ಲಿ ಅವರು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ತಂಡಕ್ಕೆ ಕಂಬದಂತಿದ್ದ ಹಕೀಮ್ ಒಲಾಜುವಾನ್ ರಕ್ತಹೀನತೆಯಿಂದ ಕೆಲವು ಆಟಗಳಿಗೆ ಬರಲಾರದೆ ಹೋದನು. ಕಾರ್ಲ್ ಹೆರೆರ ಎಂಬವನು ಭುಜದ ಪೆಟ್ಟಿನಿಂದ ಬಲಹೀನನಾದನು. ಕೊನೆಯ ಪಂದ್ಯಗಳು ಆರಂಭವಾದಾಗಲೇ ವರ್ನನ್ ಮ್ಯಾಕ್ಸ್‌ವೆಲ್ ಎಂಬವನು ತಂಡವನ್ನು ಬಿಟ್ಟು ಮನೆಗೆ ಹೋದನು. 82 ಆಟಗಳಲ್ಲಿ 47ನ್ನು ಗೆದ್ದು 35ನ್ನು ಸೋತು, ತಮ್ಮ ವಿಭಾಗದಲ್ಲಿ ಆರನೆಯವರಾಗಿ ಅವರು ಕೊನೆಯ ಪಂದ್ಯಗಳಿಗೆ ಬಂದರು.

ಇಷ್ಟು ಕುಂದಿದ ತಂಡವು ಹೇಗೆ ನಿಂತಿತು? ಥಾರ್ಪನು ಬಿಟ್ಟುಹೋದ ಭಾರವಾದ ಕೆಲಸವನ್ನು ರಾಬರ್ಟ್ ಹಾರಿ ಎಂಬ ತೆಳ್ಳಗಿನವನು ತನ್ನ ಅಭ್ಯಾಸದ ಸ್ಥಳವನ್ನು ಬಿಟ್ಟು ವಹಿಸಿಕೊಂಡನು. ಅನ್ಯದೇಶಗಳ ತಂಡಗಳಲ್ಲಿ ಆಡಿ ಜೀವಿಸಿದ್ದ ಮಾರಿಯೋ ಈಲಿಯು ಬೆಂಚಿನಿಂದ ಎದ್ದುಬಂದನು. ಆಟಗಾರರಲ್ಲಿ ಮುದುಕನೆಂದು ಎಣಿಸಲ್ಪಡುವ 38 ವರುಷ ಪ್ರಾಯದ ಚಾರ್ಲ್ಸ್ ಜೋನ್ಸ್ ಎಂಬವನನ್ನು ಕರೆತಂದರು. ಅವನು ಗಳಿಸಿದ ಅಂಕಗಳು ಬಹು ಸ್ವಲ್ಪ. ಎದುರಾಳಿಗಳ ದೊಡ್ಡ ಆಟಗಾರರಿಗೆ ಅಡ್ಡವಾಗಿ ನಿಂತು ತಡೆಯುವದೇ ಅವನ ಕೆಲಸವಾಗಿತ್ತು. ಅದನ್ನು ಅವನು ಗುಣುಗುಟ್ಟದೆ ಮಾಡಿದನು.

ಅವರಿಗೆ ಎದುರಾಗಿ ಬಂದ ನಾಲ್ಕು ತಂಡಗಳೂ ಆ ವರುಷ 57 ಆಟಗಳಿಗೆ ಕಡಿಮೆಯಿಲ್ಲದೆ ಗೆದ್ದವುಗಳೇ. ಮೊದಲು ಯೂಟಾ ತಂಡವನ್ನು ಕಷ್ಟದಿಂದ ಗೆದ್ದರು. ಫೀನಿಕ್ಸ್ ತಂಡದ ಸಂಗಡ ಆಡಿದಾಗ ಒಂದನ್ನು ಗೆದ್ದು ಮೂರನ್ನು ಸೋತರು. ಇನ್ನೊಂದನ್ನು ಸೋತಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೂ ಉಳಿದ ಮೂರನ್ನೂ ಗೆದ್ದರು. ಏಳನೆಯ ಆಟವು 115ಕ್ಕೆ 114 ಅಂಕಗಳಲ್ಲಿ ಮುಗಿಯಿತು. ಅದರ ಕೊನೆಯ ಗಳಿಗೆಯಲ್ಲಿ ಅಂಗಳದ ಮೂಲೆಯಿಂದ ಚೆಂಡನ್ನು ಬುಟ್ಟಿಗೆ ಹಾಕಿದವನು ಆ ಈಲಿಯೇ. ಬಳಿಕ ಸ್ಯಾನ್ ಆಂಟೋನಿಯೋ ತಂಡವನ್ನೂ, ಕಡೆಗೆ ಒರ್ಲಾಂಡೋ ತಂಡವನ್ನು ನಾಲ್ಕಕ್ಕೆ ನಾಲ್ಕು ಆಟಗಳಲ್ಲಿಯೂ ಗೆದ್ದು, 1995ನೆಯ ಜೂನ್ ತಿಂಗಳಲ್ಲಿ ಎರಡನೆಯ ಸಾರಿ ಪ್ರಥಮ ಸ್ಥಾನ ಪಡೆದರು.

ಈ ದೃಷ್ಟಾಂತದಿಂದ ಸಭೆಯು ಕಲಿಯತಕ್ಕದ್ದು ಮೂರು ಸಂಗತಿಗಳು.

ಮೊದಲನೆಯದು. ಒಂದು ಅಂಗವು ನೊಂದಾಗ ಅದರ ಭಾರವನ್ನು ಇತರ ಅಂಗಗಳು ಹೊರಬೇಕು. ಬಲಗೈ ಮುರಿದವನು ಎಡಗೈಯಿಂದ ಉಣ್ಣುತ್ತಾನೆ, ಉಪವಾಸದಿಂದ ಸಾಯುವದಿಲ್ಲ. ಪೌಲನು ಸಭೆಯನ್ನು ದೇಹಕ್ಕೆ ಹೋಲಿಸಿ ಬರೆದ ಅಧ್ಯಾಯದಲ್ಲಿ, ಬಲಹೀನವಾಗಿ ಕಾಣುವ ಅಂಗಗಳೂ ಅವಶ್ಯವೆಂದು ಬೋಧಿಸುತ್ತಾನೆ. ಸಭೆಯಲ್ಲಿ ಓದುಬಾರದ ವಿಧವೆಯೂ, ನಾಚಿಕೆಪಡುವ ಹುಡುಗನೂ ಆ ಜೋನ್ಸನಂತೆ ಒಂದು ಸ್ಥಳವನ್ನು ಕಾಯಬಲ್ಲರು.

ಎರಡನೆಯದು. ಬದಲಾಗಿ ನಿಲ್ಲುವವನನ್ನು ಮೊದಲೇ ಸಿದ್ಧಮಾಡಿರಬೇಕು. ಯೂದನ ಸ್ಥಾನಕ್ಕೆ ಮತ್ತೀಯನು ಆರಿಸಲ್ಪಟ್ಟಾಗ ಅವನು ಅಪರಿಚಿತನಾಗಿರಲಿಲ್ಲ. ಹನ್ನೆರಡು ಮಂದಿಯಲ್ಲಿ ಎಣಿಸಲ್ಪಡದಿದ್ದರೂ, ಯೋಹಾನನ ದೀಕ್ಷಾಸ್ನಾನದ ದಿನಗಳಿಂದ ಅವರ ಸಂಗಡಲೇ ನಡೆದವನಾಗಿದ್ದನು. ಯಾರೂ ತನ್ನ ಹೆಸರು ಹೇಳದಿದ್ದ ಆ ದಿನಗಳಲ್ಲಿಯೇ ಅವನು ಸಿದ್ಧನಾದನು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರುಷಗಳ ಹಿಂದೆ ನಾನು ಉಪದೇಶಿಯಾಗಿದ್ದ ಊರಿನಲ್ಲಿ ಜ್ವರದಿಂದ ನಾಲ್ಕು ಭಾನುವಾರ ಮಲಗಿದೆನು. ಆ ನಾಲ್ಕು ವಾರವೂ ಗುಡಿಯ ಬಾಗಿಲು ತೆರೆಯಲಿಲ್ಲ. ಎದ್ದ ಮೇಲೆ ಸಭೆಯವರನ್ನು ಗದರಿಸಿದೆನು. ಆಗ ಒಬ್ಬ ಅಜ್ಜಿಯು, “ಅಯ್ಯನವರೇ, ಬೀಗದ ಕೈ ನಿಮ್ಮ ಹತ್ತಿರವೇ ಇತ್ತಲ್ಲಾ” ಅಂದಳು. ಬರಿಯ ಬೀಗದ ಕೈಯಲ್ಲ. ಓದುವದು, ಪ್ರಾರ್ಥಿಸುವದು, ಹಾಡು ಎತ್ತಿಕೊಡುವದು, ಕಾಣಿಕೆ ಎಣಿಸುವದು ಎಲ್ಲವನ್ನೂ ನಾನೇ ಹಿಡಿದಿದ್ದೆನು. ಇತರರಿಗೆ ಬಾರದೆಂದು ನೆನಸಿದೆನು. ಕಲಿಸದಿದ್ದರೆ ಹೇಗೆ ಬಂದೀತು? ಒಬ್ಬನ ಮೇಲೆಯೇ ನಿಂತ ಸಭೆಯು ಅವನ ಸಂಗಡ ಬೀಳುವದು. ಆ ದಿನದಿಂದ ತಿಂಗಳಿಗೆ ಒಂದು ಭಾನುವಾರ ನಾನು ಹಿಂದಿನ ಸಾಲಿನಲ್ಲಿ ಕೂತುಕೊಳ್ಳುತ್ತೇನೆ. ಸಭೆಯವರೇ ಆರಾಧನೆಯನ್ನು ನಡಿಸುತ್ತಾರೆ.

ಮೂರನೆಯದು. ದೃಷ್ಟಾಂತಕ್ಕೂ ಒಂದು ಎಲ್ಲೆಯುಂಟು. ಆಟದ ತಂಡವು ಲಾಭವನ್ನು ನೋಡಿ ಒಬ್ಬನನ್ನು ಕೊಟ್ಟು ಇನ್ನೊಬ್ಬನನ್ನು ಕೊಳ್ಳುವದು. ಕರ್ತನ ಸಭೆಯಲ್ಲಿ ಹೀಗಾಗಬಾರದು. ಹಾಸಿಗೆ ಹಿಡಿದ ಹಿರಿಯನ ಕೆಲಸವನ್ನು ಬೇರೊಬ್ಬನಿಗೆ ಕೊಡಬಹುದು. ಅವನ ಸ್ಥಾನವನ್ನು ಕೊಡಲಾಗದು. ಅವನ ಮನೆಗೆ ಹೋಗಿ ಅವನ ಬಾಯಿಂದ ಒಂದು ಪ್ರಾರ್ಥನೆಯನ್ನು ಕೇಳಿಕೊಂಡು ಬರಬೇಕು. ಬಿಟ್ಟುಹೋದವನಿಗೂ ಬಾಗಿಲು ತೆರೆದಿರಲಿ. ಮಾರ್ಕನು ಪಂಫುಲ್ಯದಲ್ಲಿ ಪೌಲನನ್ನು ಬಿಟ್ಟುಹೋದನು. ಆದರೂ ಪೌಲನು ತನ್ನ ಅಂತ್ಯಕಾಲದಲ್ಲಿ ಅವನನ್ನೇ ಕರತರಬೇಕೆಂದು ತಿಮೊಥೆಯನಿಗೆ ಬರೆದನು.

ಸಭಾಹಿರಿಯರೇ, ಬರುವ ಭಾನುವಾರ ನಿಮ್ಮ ಸಭೆಯ ಬೆಂಚುಗಳನ್ನು ನೋಡಿರಿ. ನಾಳೆ ನಿಲ್ಲಬೇಕಾದವನು ಇಂದು ಅಲ್ಲಿ ಸುಮ್ಮನೆ ಕೂತಿದ್ದಾನೆ. ಅವನ ಕೈಗೆ ಒಂದು ಕೆಲಸವನ್ನು ಕೊಡಿರಿ.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು:

1. ನಮ್ಮ ಸಭೆಯಲ್ಲಿ ಒಬ್ಬನೇ ಹೊತ್ತಿರುವ ಕೆಲಸಗಳು ಯಾವವು?
2. ಅವನು ನಾಳೆ ಬಾರದಿದ್ದರೆ ಯಾರು ನಿಲ್ಲುವರು? ಅವರಿಗೆ ಯಾರು ಕಲಿಸಿದ್ದಾರೆ?
3. ರೋಗದಿಂದಲೋ ಮನನೋವಿನಿಂದಲೋ ಸಭೆಗೆ ಬಾರದವರು ಯಾರು? ಈ ವಾರ ಅವರ ಮನೆಗೆ ಹೋಗುವವರು ಯಾರು?